ಅಕ್ಕಿಯ ನಾಡಲ್ಲಿ ಅಕ್ಕಿಗೆ ಬರ ಬಂದಿದ್ದು ಹೇಗೆ?

2025ರ ವಸಂತದಲ್ಲಿ ಜಪಾನಿನ ಅಂಗಡಿಗಳಲ್ಲಿ 5 ಕಿಲೋ ಅಕ್ಕಿಯ ಬೆಲೆ 4,200 ಯೆನ್ ದಾಟಿತು. ವರ್ಷದ ಹಿಂದೆ ಅದರ ಅರ್ಧ ಇತ್ತು. ಸರ್ಕಾರ ಆಪತ್ತಿಗೆಂದು ಕೂಡಿಟ್ಟಿದ್ದ ದಾಸ್ತಾನನ್ನು ಹೊರಗೆ ತೆಗೆಯಬೇಕಾಯಿತು. 2023ರ ಬಿಸಿಲು, 2024ರ ಆಗಸ್ಟಿನಲ್ಲಿ ಭೂಕಂಪದ ಭಯಕ್ಕೆ ಜನ ಅಕ್ಕಿ ಕೊಂಡು ಕೂಡಿಟ್ಟಿದ್ದು, ಪ್ರವಾಸಿಗರು, ಮಧ್ಯವರ್ತಿಗಳು ಅಂತ ಒಬ್ಬೊಬ್ಬರು ಒಂದೊಂದು ಕಾರಣ ಕೊಟ್ಟರು. ಎಲ್ಲದರಲ್ಲೂ ಅಷ್ಟಿಷ್ಟು ನಿಜ ಇದೆ. ಆದರೆ ಬೇರು ಹಳೆಯದು.

ಜಪಾನ್ ಕೃಷಿ ಅಂದರೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಉಳದೆ, ರಾಸಾಯನಿಕ ಹಾಕದೆ ಬೆಳೆದ ಮಸನೊಬು ಫುಕುವೋಕಾ ಅವರ ಸಹಜ ಕೃಷಿ. ಅಲ್ಲಿನ ಸಾಮಾನ್ಯ ರೈತನ ಬದುಕೇ ಬೇರೆ. ದೇಶದ ಬಹುಪಾಲು ಬೆಟ್ಟಗುಡ್ಡ. ಉತ್ತರದ ಹೊಕ್ಕೈಡೋದಲ್ಲಿ ದೊಡ್ಡ ಹೊಲ, ಹೈನುಗಾರಿಕೆ, ಆಲೂಗಡ್ಡೆ. ಎಹಿಮೆ, ವಕಾಯಾಮಾದ ಇಳಿಜಾರಿನಲ್ಲಿ ಮಿಕಾನ್ ಕಿತ್ತಳೆ. ಶಿಜುವೋಕಾದಲ್ಲಿ ಚಹಾ. ಆದರೂ ಸಾಗುವಳಿ ಭೂಮಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಭತ್ತದ ಗದ್ದೆಯೇ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಉಳುವವನೇ ಹೊಲದೊಡೆಯನಾದ. ಗೇಣಿ ಪದ್ಧತಿ ಹೆಚ್ಚುಕಡಿಮೆ ಮಾಯವಾಯಿತು. ತುಂಡು ತುಂಡು ಜಮೀನು ಮಾತ್ರ ಹಾಗೇ ಉಳಿಯಿತು. ಯಂತ್ರ ಬಂತು, ರೈತ ವಾರವೆಲ್ಲ ಕಾರ್ಖಾನೆಗೆ ಹೋಗಿ ಭಾನುವಾರ ಗದ್ದೆಗಿಳಿದ. ಸರ್ಕಾರ ಒಳ್ಳೆಯ ಬೆಲೆಗೆ ಭತ್ತ ಕೊಂಡುಕೊಳ್ಳುತ್ತಿತ್ತು, ಬೆಳೆಯದೆ ಇರುತ್ತಾರಾ? ಇತ್ತ ಜನರ ತಟ್ಟೆಗೆ ಬ್ರೆಡ್ಡು, ಮಾಂಸ ಬಂದವು. 1962ರಲ್ಲಿ ತಲೆಗೆ ವರ್ಷಕ್ಕೆ 118 ಕಿಲೋ ಇದ್ದ ಅಕ್ಕಿ ಈಗ ಅದರ ಅರ್ಧವೂ ಇಲ್ಲ. ಉಗ್ರಾಣ ತುಂಬಿ ತುಳುಕಿತು. 1970ರಲ್ಲಿ 'ಗೆಂತಾನ್' ಶುರುವಾಯಿತು: ಭತ್ತ ಕಮ್ಮಿ ಮಾಡಿ, ಪರಿಹಾರ ತಗೊಳ್ಳಿ.

ಇದರ ಪೆಟ್ಟು ಎಷ್ಟು ವಿಚಿತ್ರವಾಗಿತ್ತು ಅನ್ನುವುದು ಅಕಿತಾ ಪ್ರಾಂತ್ಯದ ಓಗಾತಾ ಹಳ್ಳಿಯಲ್ಲಿ ಕಾಣುತ್ತದೆ. ಅದು ದೇಶದ ಎರಡನೇ ದೊಡ್ಡ ಸರೋವರವಾಗಿದ್ದ ಹಚಿರೋಗಾತಾದ ನೀರನ್ನು ಡಚ್ಚರ ಸಲಹೆ ಪಡೆದು ಬಸಿದು ಕಟ್ಟಿದ ಊರು. ಉದ್ದೇಶ ಒಂದೇ, ಅಕ್ಕಿ ಬೆಳೆಯುವುದು. ಊರು 1964ರಲ್ಲಿ ಹುಟ್ಟಿತು. 1967ರಿಂದ ದೇಶದ ಮೂಲೆಮೂಲೆಗಳಿಂದ ರೈತರು ಇದ್ದ ಮನೆ ಬಿಟ್ಟು ಬಂದರು. ಮೂರೇ ವರ್ಷಕ್ಕೆ, ಭತ್ತ ಬೇಡ ಅನ್ನುವ ನೀತಿ ಬಂತು. ಮುಂದೆ ಮನೆಗೆ 15 ಹೆಕ್ಟೇರ್ ಸಿಕ್ಕಿತು, ಆದರೆ ಭತ್ತಕ್ಕೆ ಮಿತಿ ಹಾಕಿದರು. ಮಿತಿ ಮೀರಿ ನಾಟಿ ಮಾಡಿದ ಪೈರನ್ನು ಹಸಿರಿರುವಾಗಲೇ ಕೊಯ್ದು ಹಾಕಿ ಅಂತ ಹೇಳಿದರು. ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ. ಊರು ಎರಡು ಹೋಳಾಯಿತು. ಒಪ್ಪದವರ ಅಕ್ಕಿ ಊರಾಚೆ ಹೋಗದಂತೆ ರಸ್ತೆಯಲ್ಲಿ ಕಾವಲು ಹಾಕಿದ್ದೂ ಉಂಟು. ಬೆಳೆಯಲೆಂದೇ ಕರೆಸಿ ಬೆಳೆದಿದ್ದಕ್ಕೆ ತಪ್ಪಿತಸ್ಥರನ್ನಾಗಿ ಮಾಡುವುದು ಯಾವ ನ್ಯಾಯವೋ.

1993ರಲ್ಲಿ ಬೇಸಿಗೆಯೇ ಬರಲಿಲ್ಲ ಅನ್ನುವಷ್ಟು ಚಳಿ. ಮಾಮೂಲಿಗಿಂತ ಕಾಲುಭಾಗ ಬೆಳೆ ಕಮ್ಮಿಯಾಗಿ ಥಾಯ್ಲೆಂಡಿನಿಂದಲೂ ಅಕ್ಕಿ ತರಿಸಬೇಕಾಯಿತು. ಆಮೇಲೂ ಗೆಂತಾನ್ ಮುಂದುವರಿಯಿತು. 2018ರಲ್ಲಿ ಅದು ಹೆಸರಿಗೆ ಮುಗಿಯಿತು. ಬೇರೆ ಬೆಳೆಗೆ, ದನಕರುಗಳ ಮೇವಿನ ಅಕ್ಕಿಗೆ ಕೊಡುವ ಸಬ್ಸಿಡಿ ನಿಲ್ಲಲಿಲ್ಲ. ಬೇಡಿಕೆಗೆ ಅಳತೆ ಮಾಡಿದ ಹಾಗೆ ಬೆಳೆಯುತ್ತಿದ್ದರೆ, ಒಂದು ವರ್ಷದ ಬಿಸಿಲಿಗೇ ಲೆಕ್ಕ ತಪ್ಪುತ್ತದೆ. ಅಷ್ಟು ಹೊತ್ತಿಗೆ ರೈತರ ಸರಾಸರಿ ವಯಸ್ಸು 70ರ ಹತ್ತಿರ ಬಂದಿತ್ತು.

2025ರ ಆಗಸ್ಟಿನಲ್ಲಿ ಸರ್ಕಾರ ಇನ್ನು ಮುಂದೆ ಹೆಚ್ಚು ಬೆಳೆಯೋಣ ಅಂದಿತು. ಅಕ್ಟೋಬರ್‌ನಲ್ಲಿ ಸರ್ಕಾರವೇ ಬದಲಾಯಿತು. ಹೊಸ ಕೃಷಿ ಸಚಿವರು ಮತ್ತೆ 'ಬೇಡಿಕೆಗೆ ತಕ್ಕಷ್ಟು' ಎಂದರು. 2026ರ ಬೆಳೆಯ ಅಂದಾಜು ಹಿಂದಿನ ವರ್ಷದ್ದಕ್ಕಿಂತ ಕೆಳಗಿಳಿಯಿತು.