ಎಲೆ ನೋಡಿ ವಿಲೋ ಅನ್ನಬೇಡಿ

ದಕ್ಷಿಣ ಕ್ಯಾಲಿಫೋರ್ನಿಯಾದ ಹಳ್ಳಗಳ ದಂಡೆಯಲ್ಲಿ ಗಿಡಗಳ ಸರ್ವೆ ಮಾಡುವುದು ನನ್ನ ಕೆಲಸ. ಸೇರಿದ ಹೊಸತರಲ್ಲಿ ಒಂದಿಡೀ ಪೊದೆಸಾಲಿಗೆ 'ವಿಲೋ' (ನೀರಿನ ದಂಡೆಯಲ್ಲಿ ಬೆಳೆಯುವ, ಕಿರಿದೆಲೆಯ ಗಿಡಮರ) ಅಂತ ಬರೆದುಕೊಟ್ಟು ನಗೆಪಾಟಲಾಗಿದ್ದೆ. ಆಳೆತ್ತರದ ಗಿಡ, ನೀರಿನ ಪಕ್ಕದಲ್ಲೇ ಇದೆ, ಎಲೆ ಉದ್ದಕ್ಕೆ ಕಿರಿದಾಗಿದೆ, ಇನ್ನೇನಿರುತ್ತೆ ಅಂದುಕೊಂಡಿದ್ದೆ. ಅದು ಮ್ಯೂಲ್‌ಫ್ಯಾಟ್. ಇಲ್ಲಿಯದೇ ಗಿಡ, ವರ್ಷಾನುಗಟ್ಟಲೆ ಬಾಳುತ್ತದೆ, ಸೇವಂತಿಗೆ ಕುಟುಂಬದ್ದು. ಅಂದರೆ ನಮ್ಮೂರ ಕಾಂಗ್ರೆಸ್ ಗಿಡದ ದೂರದ ನೆಂಟ! ಹೆಸರಿಟ್ಟವರಿಗೂ ವಿಲೋನೇ ನೆನಪಾಗಿತ್ತು ಅನ್ನಿ, ಇದರ ವೈಜ್ಞಾನಿಕ ಹೆಸರು ಬ್ಯಾಕರಿಸ್ ಸ್ಯಾಲಿಸಿಫೋಲಿಯಾ, ಅಂದರೆ ವಿಲೋ ಎಲೆಯ ಬ್ಯಾಕರಿಸ್.

ಎಲೆಯ ಆಕಾರ ಬಿಡಿ, ನರ ನೋಡಿ. ಮ್ಯೂಲ್‌ಫ್ಯಾಟ್ ಎಲೆಯಲ್ಲಿ ಸಾಮಾನ್ಯವಾಗಿ ಬುಡದ ಹತ್ತಿರದಿಂದಲೇ ಮೂರು ನರ ಉದ್ದಕ್ಕೆ ಹೊರಡುತ್ತವೆ. ಮಲೆನಾಡಿನವರು ಕಮ್ಯುನಿಸ್ಟ್ ಗಿಡದಲ್ಲಿ ಇಂಥದ್ದೇ ನೋಡಿರುತ್ತೀರಿ. ವಿಲೋಗೆ ನಡುವೆ ಒಂದೇ ದಪ್ಪ ನರ, ಉಳಿದದ್ದೆಲ್ಲ ಅದರ ಕವಲು. ಮ್ಯೂಲ್‌ಫ್ಯಾಟ್‌ನ ಎಳೆ ಎಲೆ ಉಜ್ಜಿದರೆ ಬೆರಳಿಗೆ ಅಂಟಂಟು. ಇನ್ನೂ ಅನುಮಾನವೇ? ಮೊಗ್ಗಿಗೆ ಲೆನ್ಸ್ ಹಿಡಿಯಿರಿ. ವಿಲೋ ಮೊಗ್ಗಿಗೆ ಟೋಪಿ ಹಾಕಿದ ಹಾಗೆ ಒಂದೇ ಒಂದು ಹೊದಿಕೆ ಇರುತ್ತದೆ.

ಎಲೆ ಅಂಚಿನ ಹಲ್ಲನ್ನು ಮಾತ್ರ ನಂಬಬೇಡಿ. ಮ್ಯೂಲ್‌ಫ್ಯಾಟ್‌ನ ಬೇಸಿಗೆಯ ಕೊಂಬೆಗಳಲ್ಲಿ ಹಲ್ಲು ಇರುತ್ತದೆ, ಚಳಿಗಾಲ ಮತ್ತು ವಸಂತದವುಗಳಲ್ಲಿ ಅಂಚು ನುಣುಪು. ಇದೇ ಕಾರಣಕ್ಕೆ ಹಿಂದೆ ಸಸ್ಯಶಾಸ್ತ್ರಜ್ಞರು ಒಂದೇ ಗಿಡವನ್ನು ಎರಡು ಜಾತಿ ಅಂತ ಬರೆದಿದ್ದರು. ಅವರೇ ಎಡವಿದ ಮೇಲೆ ನನ್ನದೇನು ಮಹಾ, ಅಲ್ವಾ?

ಹೂ ಬಿಟ್ಟಿದ್ದರೆ ಕೆಲಸ ಸುಲಭ. ಸೂರ್ಯಕಾಂತಿಗಿರುವಂಥ ಸುತ್ತಲಿನ ಎಸಳು ಇದಕ್ಕಿಲ್ಲ, ಬಿಳಿ ಕುಚ್ಚುಗಳ ಗೊಂಚಲು ಅಷ್ಟೇ, ಒಮ್ಮೊಮ್ಮೆ ತುಸು ಗುಲಾಬಿ ಛಾಯೆ. ಪಪ್ಪಾಯಿಯ ಹಾಗೆ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಎಕ್ಕದ ಬೀಜದಂತೆ ತುಪ್ಪಳ ಹಾರಿಸುವುದು ಹೆಣ್ಣು ಮಾತ್ರ. ಎಲೆ ಬೂದಿ ಬಣ್ಣಕ್ಕಿದ್ದು ರೇಷ್ಮೆಯಂಥ ರೋಮವಿದ್ದರೆ, ಹೂ ನೇರಳೆ ಗುಲಾಬಿಯಾಗಿದ್ದರೆ, ಅದು ಇದೇ ಕುಟುಂಬದ ಆರೋವೀಡ್.

ವಿಲೋ ಆದರೇನು, ಇದಾದರೇನು ಅಂತ ಯಾವುದನ್ನೂ ಸುಮ್ನೆ ಕಡಿಯುವ ಹಾಗಿಲ್ಲ. 1986ರಿಂದ ಅಮೆರಿಕದ ಕೇಂದ್ರ ಸರ್ಕಾರದ ಅಳಿವಿನಂಚಿನ ಪಟ್ಟಿಯಲ್ಲಿರುವ ಲೀಸ್ಟ್ ಬೆಲ್ಸ್ ವಿರಿಯೋ ಎಂಬ ಪುಟ್ಟ ಹಕ್ಕಿ ಎರಡರಲ್ಲೂ ಗೂಡು ಕಟ್ಟುತ್ತದೆ, ಅದೂ ಜಾಸ್ತಿ ಎತ್ತರದಲ್ಲಲ್ಲ, ಸುಮಾರು ಸೊಂಟದ ಮಟ್ಟದಲ್ಲಿ. ಹಾಗಾಗಿ ನಾನೀಗ ಎಲೆ ಹಿಡಿಯಲು ಕೊಂಬೆ ಬಗ್ಗಿಸುವ ಮೊದಲು ಒಳಗೆ ಇಣುಕಿ ನೋಡುತ್ತೇನೆ.