ಜೋನಿಂಗ್: ಮನೆ ಬೆಲೆಯೊಳಗೆ ಸೇರಿಕೊಂಡ ನಿಯಮಗಳು

ಮನೆ ಯಾಕೆ ಇಷ್ಟು ದುಬಾರಿ ಅಂತ ಕೇಳಿದರೆ ಸಿಮೆಂಟು, ಕಬ್ಬಿಣ, ಕೂಲಿ, ಬ್ಯಾಂಕಿನ ಬಡ್ಡಿ ಅನ್ನುವ ಉತ್ತರ ಬರುತ್ತದೆ. ಇವೆಲ್ಲ ನಿಜವೇ. ಆದರೆ ಒಂದೇ ದೇಶದೊಳಗೆ ಸಿಮೆಂಟು, ಕಬ್ಬಿಣದ ಬೆಲೆ ಊರಿಂದ ಊರಿಗೆ ಅಷ್ಟೇನೂ ಬದಲಾಗುವುದಿಲ್ಲ. ಮನೆ ಬೆಲೆ ಮಾತ್ರ ಎರಡು, ಮೂರು ಪಟ್ಟು ಬದಲಾಗುತ್ತದೆ. ಈ ವ್ಯತ್ಯಾಸದ ದೊಡ್ಡ ಪಾಲು ಇರುವುದು ಜಾಗದ ಬೆಲೆಯಲ್ಲಿ. ಆ ಜಾಗದಲ್ಲಿ ಎಷ್ಟು ಮನೆ ಕಟ್ಟಲು ಬಿಡುತ್ತಾರೆ ಅನ್ನುವುದರ ಮೇಲೆ ಪ್ರತಿ ಮನೆಯ ಪಾಲಿಗೆ ಬೀಳುವ ಖರ್ಚು ನಿಂತಿದೆ. ಏನನ್ನು, ಎಲ್ಲಿ, ಎಷ್ಟು ಕಟ್ಟಬಹುದು ಅಂತ ಹೇಳುವ ನಿಯಮಗಳಿಗೆ ಜೋನಿಂಗ್ ಅನ್ನುತ್ತಾರೆ.

ಊರಿನ ನಕ್ಷೆಯನ್ನು ವಲಯಗಳಾಗಿ ವಿಂಗಡಿಸುತ್ತಾರೆ. ಇದು ವಾಸಕ್ಕೆ, ಇದು ಅಂಗಡಿಗೆ, ಇದು ಕಾರ್ಖಾನೆಗೆ. ಇಷ್ಟೇ ಆಗಿದ್ದರೆ ಮನೆ ಬೆಲೆಗೆ ಅಂಥ ಪೆಟ್ಟು ಬೀಳುತ್ತಿರಲಿಲ್ಲ. ಪ್ರತಿ ವಲಯದೊಳಗೂ ಷರತ್ತುಗಳ ಸಾಲೇ ಇರುತ್ತದೆ. ನಿವೇಶನ ಕನಿಷ್ಠ ಇಷ್ಟು ದೊಡ್ಡದಿರಬೇಕು. ಇಷ್ಟೇ ಮಹಡಿ ಏರಿಸಬಹುದು. ಸುತ್ತ ಇಷ್ಟು ಜಾಗ ಬಿಡಬೇಕು, ಅಂದರೆ ಸೆಟ್‌ಬ್ಯಾಕ್. ನಿವೇಶನದ ಅಳತೆಗೆ ತಕ್ಕಂತೆ ಎಲ್ಲ ಮಹಡಿ ಸೇರಿ ಇಷ್ಟೇ ಚದರ ಅಡಿ ಕಟ್ಟಬಹುದು, ಅಂದರೆ ಎಫ್‌ಎಆರ್. ಮನೆಗೆ ಇಷ್ಟು ಕಾರು ನಿಲ್ಲಿಸಲು ಜಾಗ ಇರಲೇಬೇಕು. ಒಂದೊಂದನ್ನೇ ನೋಡಿದರೆ ಎಲ್ಲವೂ ಸರಿ ಅನ್ನಿಸುತ್ತದೆ. ಗಾಳಿ, ಬೆಳಕು ಯಾರಿಗೆ ಬೇಡ? ಎಲ್ಲ ಷರತ್ತುಗಳೂ ಒಂದೇ ನಿವೇಶನದ ಮೇಲೆ ಬಿದ್ದಾಗ ಅಲ್ಲಿ ಹಿಡಿಸುವ ಮನೆಗಳು ಕಡಿಮೆಯಾಗುತ್ತವೆ.

ಈ ನಿಯಮಗಳು ಸುಮ್ನೆ ಹುಟ್ಟಿದವಲ್ಲ. ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್‌ನಲ್ಲಿ 1915ರಲ್ಲಿ ಈಕ್ವಿಟಬಲ್ ಬಿಲ್ಡಿಂಗ್ ಅನ್ನುವ ಎತ್ತರದ ಕಟ್ಟಡ ಎದ್ದು ನಿಂತಾಗ ಸುತ್ತಲಿನ ಬೀದಿಗಳಿಗೆ ಬಿಸಿಲೇ ತಪ್ಪಿತು. ಮರುವರ್ಷ, 1916ರಲ್ಲಿ, ನ್ಯೂಯಾರ್ಕ್ ಇಡೀ ನಗರಕ್ಕೆ ಜೋನಿಂಗ್ ತಂದಿತು. 1926ರಲ್ಲಿ ಓಹಾಯೋ ರಾಜ್ಯದ ಯೂಕ್ಲಿಡ್ ಅನ್ನುವ ಸಣ್ಣ ಊರಿನ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇಂಥ ನಿಯಮಗಳನ್ನು ಎತ್ತಿಹಿಡಿಯಿತು. ಆ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಜಾರ್ಜ್ ಸದರ್ಲ್ಯಾಂಡ್. ಒಂಟಿ ಮನೆಗಳ ಬಡಾವಣೆಗೆ ಬರುವ ಅಪಾರ್ಟ್‌ಮೆಂಟನ್ನು ಅದರಲ್ಲಿ ಅವರು ಪರಾವಲಂಬಿ ಅಂತ ಕರೆದರು. ಕಾರ್ಖಾನೆಯ ಹೊಗೆಯಿಂದ ಮನೆಗಳನ್ನು ಕಾಪಾಡುವ ಮಾತು, ಬಾಡಿಗೆದಾರರಿಂದ ಮಾಲೀಕರನ್ನು ಕಾಪಾಡುವ ಮಾತಾಗಿ ತಿರುಗಿದ್ದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ. ಮೊದಲನೆಯದು ಆರೋಗ್ಯದ ವಿಷಯ. ಎರಡನೆಯದು ಯಾರು ನೆರೆಯವರಾಗಬಹುದು ಅನ್ನುವ ವಿಷಯ.

ಬೆಲೆ ಹೇಗೆ ಏರುತ್ತದೆ ಅಂತ ಲೆಕ್ಕ ಹಾಕಿ ನೋಡೋಣ. ಒಂದು ನಿವೇಶನದ ಬೆಲೆ 100 ಅಂತ ಇಟ್ಟುಕೊಳ್ಳಿ. ಅಲ್ಲಿ ಒಂದೇ ಮನೆಗೆ ಪರವಾನಗಿ ಇದ್ದರೆ ಪೂರ್ತಿ 100 ಆ ಮನೆಯ ತಲೆಗೇ ಬರುತ್ತದೆ. ನಾಲ್ಕು ಮನೆಗೆ ಅವಕಾಶ ಕೊಟ್ಟರೆ ಮನೆಗೆ 25 ಆಗಬೇಕು, ಅಲ್ವಾ? ಅಷ್ಟು ಸುಲಭವಲ್ಲ. ನಾಲ್ಕು ಮನೆ ಕಟ್ಟಬಹುದು ಅಂತ ಗೊತ್ತಾದ ಕೂಡಲೇ ಮಾಲೀಕರು ಜಾಗದ ಬೆಲೆ ಏರಿಸುತ್ತಾರೆ. ಅದು 180 ಆಯಿತು ಅನ್ನೋಣ. ಆಗಲೂ ಮನೆಗೆ ಬೀಳುವುದು 45. ಇನ್ನೊಂದು ಸೂಕ್ಷ್ಮ ಇದೆ. ಊರಿನಲ್ಲಿ ನಾಲ್ಕೈದು ನಿವೇಶನಗಳಿಗೆ ಮಾತ್ರ ಈ ಅವಕಾಶ ಕೊಟ್ಟರೆ ಲಾಭವೆಲ್ಲ ಆ ಮಾಲೀಕರ ಜೇಬಿಗೆ ಹೋಗುತ್ತದೆ. ಊರಿಗೆಲ್ಲ ಕೊಟ್ಟರೆ ಮಾರುವವರ ನಡುವೆ ಪೈಪೋಟಿ ಬರುತ್ತದೆ, ಜಾಗದ ಬೆಲೆ ಅಷ್ಟು ಜಿಗಿಯುವುದಿಲ್ಲ.

ಅರ್ಥಶಾಸ್ತ್ರಜ್ಞರಾದ ಎಡ್ವರ್ಡ್ ಗ್ಲೇಸರ್ ಮತ್ತು ಜೋಸೆಫ್ ಗ್ಯೂರ್ಕೊ 2000ದ ದಶಕದ ಆರಂಭದಲ್ಲಿ ಇದನ್ನು ಅಳೆಯಲು ಹೊರಟರು. ಎತ್ತರದ ಕಟ್ಟಡದಲ್ಲಿ ಇನ್ನೊಂದು ಮಹಡಿ ಸೇರಿಸಲು ಹೊಸದಾಗಿ ಜಾಗ ಕೊಳ್ಳಬೇಕಿಲ್ಲ. ಹಾಗಾಗಿ ಆ ಮಹಡಿಯ ಮನೆ, ಅದನ್ನು ಕಟ್ಟುವ ಖರ್ಚಿನ ಹತ್ತಿರದ ಬೆಲೆಗೇ ಸಿಗಬೇಕು. ಮ್ಯಾನ್‌ಹಟನ್‌ನಲ್ಲಿ ಮಾರಾಟ ಬೆಲೆ ಅದಕ್ಕಿಂತ ತುಂಬಾ ಜಾಸ್ತಿ ಇತ್ತು. ಆ ಅಂತರವನ್ನು ಅವರು ನಿಯಮಗಳು ಹಾಕುವ ಒಂದು ಬಗೆಯ ತೆರಿಗೆ ಅಂತ ನೋಡಿದರು. ಈ ತೆರಿಗೆಗೆ ರಸೀದಿ ಇಲ್ಲ. ಅದರಿಂದ ಸರ್ಕಾರದ ಖಜಾನೆಗೂ ಏನೂ ಬರುವುದಿಲ್ಲ.

ಇನ್ನು ಪರಿಸರ ಕಾನೂನುಗಳು. ಇಲ್ಲಿ ತುಸು ನಿಧಾನವಾಗಿ ನೋಡಬೇಕು. ಯಾಕೆಂದರೆ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಹೆಸರಿನಲ್ಲಿ ಕರೆಯುತ್ತೇವೆ.

ಒಂದು, ಎಲ್ಲಿ ಕಟ್ಟಲೇಬಾರದು ಅಂತ ಹೇಳುವ ನಿಯಮ. ಪ್ರವಾಹದ ನೀರು ಹರಡುವ ಜಾಗ, ಜೌಗು, ಕಾಡು. ಇವನ್ನು ಬಿಟ್ಟುಕೊಟ್ಟರೆ ಮನೆ ಅಗ್ಗವಾಗುತ್ತದೆ ಅನ್ನುವುದು ಮೇಲ್ನೋಟದ ಮಾತು. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಬೇರೆ ಊರುಗಳಂಥ ಜೋನಿಂಗ್ ಇಲ್ಲ. ಒಂಟಿ ಮನೆಗೆ 5,000 ಚದರ ಅಡಿ ನಿವೇಶನ ಇರಬೇಕು ಅನ್ನುವ ನಿಯಮವನ್ನು 1998ರಲ್ಲಿ ನಗರದ ಒಳಭಾಗದಲ್ಲಿ 1,400ಕ್ಕೆ ಇಳಿಸಲು ದಾರಿ ಮಾಡಿಕೊಟ್ಟಿತು. ಒಂದು ಮನೆಯಿದ್ದ ಜಾಗದಲ್ಲಿ ಮೂರು ಮನೆ ಎದ್ದವು. ಇದು ಒಳ್ಳೆಯ ಕೆಲಸ. ಆದರೆ ಅದೇ ಹ್ಯೂಸ್ಟನ್‌ನ ಪಶ್ಚಿಮಕ್ಕೆ ಆಡಿಕ್ಸ್, ಬಾರ್ಕರ್ ಅನ್ನುವ ಎರಡು ಪ್ರವಾಹ ತಡೆಯುವ ಜಲಾಶಯಗಳಿವೆ. ಅವು ತುಂಬಿದಾಗ ನೀರು ನಿಲ್ಲುವ ಜಾಗದಲ್ಲೂ ಬಡಾವಣೆಗಳಾದವು. 2017ರಲ್ಲಿ ಹಾರ್ವೆ ಚಂಡಮಾರುತ ಬಂದಾಗ ಅಲ್ಲಿನ ಸಾವಿರಾರು ಮನೆಗಳಿಗೆ ನೀರು ನುಗ್ಗಿತು. ತಮ್ಮ ಮನೆ ಜಲಾಶಯದ ಹರವಿನೊಳಗೆ ಇದೆ ಅಂತಲೇ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಕೊಳ್ಳುವಾಗ ಉಳಿದ ದುಡ್ಡು ಒಂದೇ ಮಳೆಗೆ ಹೋಯಿತು. ಇಂಥ ನಿಯಮವನ್ನು ದುಬಾರಿ ಅಂತ ದೂರುವುದನ್ನು ನಾನು ಒಪ್ಪುವುದಿಲ್ಲ.

ಎರಡನೆಯದು, ಕಟ್ಟುವ ಮೊದಲು ಪರಿಣಾಮವನ್ನು ಅಧ್ಯಯನ ಮಾಡಿ ವರದಿ ಕೊಡಿ ಅನ್ನುವ ನಿಯಮ. ಕ್ಯಾಲಿಫೋರ್ನಿಯಾದಲ್ಲಿ 1970ರಲ್ಲಿ ರಾಜ್ಯಪಾಲ ರೊನಾಲ್ಡ್ ರೇಗನ್ ಇಂಥ ಕಾನೂನಿಗೆ ಸಹಿ ಹಾಕಿದರು. ಸರ್ಕಾರವೇ ಮಾಡುವ ಕಾಮಗಾರಿಗಳಿಗೆ ಮಾತ್ರ ಇದು ಅಂತ ಬಹಳ ಜನ ತಿಳಿದಿದ್ದರು. 1972ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಸರ್ಕಾರದ ಪರವಾನಗಿ ಬೇಕಾದ ಖಾಸಗಿ ಕಟ್ಟಡಗಳಿಗೂ ಇದು ಅನ್ವಯ ಅಂದಿತು. ವರದಿ ಸಾಲದು ಅಂತ ಯಾರಾದರೂ ಕೋರ್ಟಿಗೆ ಹೋಗಬಹುದು. ಕೇಸು ಗೆಲ್ಲಲೇಬೇಕೆಂದಿಲ್ಲ, ಎಳೆದರೆ ಸಾಕು. ಎಳೆದಷ್ಟು ದಿನ ಬಿಲ್ಡರ್ ಜಾಗದ ಸಾಲಕ್ಕೆ ಬಡ್ಡಿ ಕಟ್ಟುತ್ತಿರಬೇಕು. ಆ ಬಡ್ಡಿ ಕೊನೆಗೆ ಮನೆ ಬೆಲೆಗೆ ಸೇರುತ್ತದೆ, ಇಲ್ಲವೇ ಯೋಜನೆಯೇ ನಿಂತುಹೋಗುತ್ತದೆ. ಬರ್ಕ್‌ಲಿಯಲ್ಲಿ ವಿಶ್ವವಿದ್ಯಾಲಯವು ವಿದ್ಯಾರ್ಥಿಗಳಿಗಾಗಿ ಹಾಸ್ಟೆಲ್ ಕಟ್ಟಲು ಹೊರಟಾಗ, ವಿದ್ಯಾರ್ಥಿಗಳು ಮಾಡುವ ಗದ್ದಲವನ್ನೂ ಪರಿಸರದ ಮೇಲಿನ ಪರಿಣಾಮವಾಗಿ ಪರಿಶೀಲಿಸಬೇಕಿತ್ತು ಅಂತ 2023ರಲ್ಲಿ ಮೇಲ್ಮನವಿ ಕೋರ್ಟ್ ತೀರ್ಪು ಕೊಟ್ಟಿತು. ಶಾಸಕಾಂಗ ಕಾನೂನನ್ನೇ ತಿದ್ದಬೇಕಾಯಿತು. 2024ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹಾಸ್ಟೆಲ್‌ಗೆ ದಾರಿ ಬಿಟ್ಟಿತು. 2025ರ ಜೂನ್‌ನಲ್ಲಿ ನಗರದೊಳಗಿನ ಹೆಚ್ಚಿನ ವಸತಿ ಕಟ್ಟಡಗಳಿಗೆ ಈ ಕಾನೂನಿನಿಂದಲೇ ವಿನಾಯಿತಿ ಸಿಕ್ಕಿತು.

ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲೂ ಹೀಗೇ ಆಯಿತು. ಒಂಟಿ ಮನೆಗಷ್ಟೇ ಮೀಸಲಾಗಿದ್ದ ಬಡಾವಣೆಗಳಲ್ಲಿ ಮೂರು ಮನೆಗಳವರೆಗೆ ಅವಕಾಶ ಕೊಡುವ ಯೋಜನೆಯನ್ನು ನಗರಸಭೆ 2018ರ ಡಿಸೆಂಬರ್‌ನಲ್ಲಿ ಒಪ್ಪಿತು. ಪರಿಸರ ಹಕ್ಕಿನ ಕಾನೂನನ್ನು ಹಿಡಿದು ಕೆಲವರು ಕೇಸು ಹಾಕಿದರು. ಕೆಲಕಾಲ ಯೋಜನೆಯೇ ತಡೆಯಾಯಿತು. 2024ರಲ್ಲಿ ರಾಜ್ಯ ಕಾನೂನು ಮಾಡಿ ಬಿಡಿಸಬೇಕಾಯಿತು.

ನನಗೆ ಬೇಸರ ತರುವುದು ಇದೇ. ನಗರದೊಳಗೆ, ಬಸ್ಸು ರೈಲು ಇರುವ ಕಡೆ ಮನೆ ಕಟ್ಟಲು ಬಿಡದಿದ್ದರೆ ಜನ ಮಾಯವಾಗುವುದಿಲ್ಲ. ಅವರು ಊರಾಚೆ ಹೋಗುತ್ತಾರೆ. ಅಲ್ಲಿ ಹೊಲ ಬಡಾವಣೆಯಾಗುತ್ತದೆ, ದಿನಾ ಜಾಸ್ತಿ ದೂರ ಗಾಡಿ ಓಡಿಸಬೇಕಾಗುತ್ತದೆ. ನಗರದ ನಡುವೆ ನಾಲ್ಕು ಮಹಡಿಯ ಕಟ್ಟಡವನ್ನು ಪರಿಸರದ ಹೆಸರಿನಲ್ಲಿ ತಡೆದರೆ, ಆ ಹೊಲ ಬಡಾವಣೆಯಾದ ಲೆಕ್ಕ ಯಾವ ವರದಿಯಲ್ಲೂ ಬರುವುದಿಲ್ಲ.

ನಿಯಮ ಸಡಿಲಿಸಿದರೆ ಏನಾಗುತ್ತದೆ? ನ್ಯೂಜಿಲೆಂಡ್‌ನ ಆಕ್ಲೆಂಡ್ ಒಳ್ಳೆಯ ಉದಾಹರಣೆ. 2016ರಲ್ಲಿ ನಗರದ ವಸತಿ ಜಾಗದ ಸುಮಾರು ಮುಕ್ಕಾಲು ಪಾಲಿನಲ್ಲಿ ಮೊದಲಿಗಿಂತ ಜಾಸ್ತಿ ಮನೆ ಕಟ್ಟಲು ಬಿಟ್ಟರು. ಆಮೇಲಿನ ವರ್ಷಗಳಲ್ಲಿ ಪರವಾನಗಿಗಳು ಜೋರಾಗಿ ಏರಿದವು. ಸಾಲುಮನೆಗಳು ಊರ ತುಂಬಾ ಎದ್ದವು. ಮನೆ ಬೆಲೆ ಒಂದೇಟಿಗೆ ಬಿದ್ದುಹೋಗಲಿಲ್ಲ. ಆದರೆ ಬಾಡಿಗೆ, ಈ ಬದಲಾವಣೆ ಇಲ್ಲದಿದ್ದರೆ ಏರುತ್ತಿದ್ದಷ್ಟು ಏರಲಿಲ್ಲ ಅಂತ ಅಲ್ಲಿನ ಸಂಶೋಧಕರು ಲೆಕ್ಕ ಹಾಕಿದ್ದಾರೆ.

ತೀರಾ ಕಡಿಮೆ ಆದಾಯದವರಿಗೆ ಇದೊಂದೇ ಸಾಲದು. ಜಾಗ ಪುಕ್ಕಟೆ ಸಿಕ್ಕಿದರೂ ಕಟ್ಟುವ ಖರ್ಚೇ ಅವರ ಕೈಗೆ ನಿಲುಕುವುದಿಲ್ಲ. ಅಲ್ಲಿ ಸಾರ್ವಜನಿಕ ಹಣ ಬೇಕೇ ಬೇಕು. ವಿಯೆನ್ನಾ ನಗರ 1920ರ ದಶಕದಿಂದ ತಾನೇ ಮನೆ ಕಟ್ಟಿಸಿ ಬಾಡಿಗೆಗೆ ಕೊಡುತ್ತಾ ಬಂದಿದೆ. ಆದರೆ ಅಪಾರ್ಟ್‌ಮೆಂಟಿಗೆ ಜಾಗವಿಲ್ಲದ ವಲಯದಲ್ಲಿ ಸರ್ಕಾರಿ ಅಪಾರ್ಟ್‌ಮೆಂಟಿಗೂ ಜಾಗವಿರುವುದಿಲ್ಲ. ಕ್ಯಾಲಿಫೋರ್ನಿಯಾ 1950ರಲ್ಲಿ ತನ್ನ ಸಂವಿಧಾನಕ್ಕೆ 34ನೇ ವಿಧಿಯನ್ನು ಸೇರಿಸಿತು. ಸಾರ್ವಜನಿಕ ಹಣದಲ್ಲಿ ಕಡಿಮೆ ಬಾಡಿಗೆಯ ಮನೆ ಕಟ್ಟಬೇಕಾದರೆ ಆ ಊರಿನ ಮತದಾರರು ಮೊದಲು ಒಪ್ಪಬೇಕು ಅನ್ನುತ್ತದೆ ಅದು. ದುಬಾರಿ ಮನೆಗಳಿಗೆ ಅಂಥ ಮತದಾನದ ಷರತ್ತಿಲ್ಲ.