ಓದುಗರ ಪ್ರಶ್ನೆ: ಬಿಡುವಿನಲ್ಲಿ ಸುಮ್ನೆ ಕೂತರೆ ಅದು ಸೋಮಾರಿತನವೇ?

ಪ್ರಶ್ನೆ: ನಮ್ಮದು ಜಗಳೂರು ಕಡೆ. ಸುಗ್ಗಿ ಮುಗಿದ ಮೇಲೆ ಅಪ್ಪ ದಿನವಿಡೀ ಕಟ್ಟೆ ಮೇಲೆ ಕೂತಿರುತ್ತಾರೆ. ದಾವಣಗೆರೆಯಲ್ಲಿ ಕೆಲಸದಲ್ಲಿರುವ ಅಣ್ಣ ಬಂದಾಗಲೆಲ್ಲ "ಕಾಯಕವೇ ಕೈಲಾಸ, ಏನಾದ್ರೂ ಮಾಡಪ್ಪ" ಅಂತಾನೆ. ಯಾರು ಸರಿ?

ಉತ್ತರ: ಈ ವಿಷಯದಲ್ಲಿ ನಾನು ನಿಮ್ಮ ಅಪ್ಪನ ಕಡೆ. ನಿಮ್ಮದು ಮಳೆ ನಂಬಿದ ಬೇಸಾಯ. ಮೆಕ್ಕೆಜೋಳ, ಶೇಂಗಾ ಬಿತ್ತುವಾಗ, ಕಳೆ ತೆಗೆಯುವಾಗ, ಕೊಯ್ಲಿಗೆ ಬಂದಾಗ ಮೈಮುರಿ ಕೆಲಸ. ಫಸಲು ಮನೆ ಸೇರಿದ ಮೇಲೆ ಒಣಗಿದ ಹೊಲದಲ್ಲಿ ಮಾಡೋದೇನಿದೆ? ಸೋಮವಾರ ಎತ್ತು ಹೂಡದ ಮನೆಗಳು ನಮ್ಮ ಸೀಮೆಯಲ್ಲಿವೆ. ದುಡಿದ ಜೀವಕ್ಕೆ ದಣಿವಾರಿಸಿಕೊಳ್ಳುವ ಹಕ್ಕಿದೆ.

ಅಣ್ಣ ಹೇಳುವ ಮಾತನ್ನೇ ನೋಡೋಣ. ಬಸವಣ್ಣನವರದು ಅಂತ ಹೆಚ್ಚಿನವರು ತಿಳಿದಿರುವ ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುವುದು ಅವರ ಕಾಯಕ. ಒಮ್ಮೆ ಅವರು ಕೆಲಸ ಮರೆತು ಕೂತಾಗ ಹೆಂಡತಿ ಲಕ್ಕಮ್ಮ "ಕಾಯಕ ನಿಂದಿತ್ತು ಹೋಗಯ್ಯಾ" ಅಂತ ಎಬ್ಬಿಸಿ ಕಳಿಸಿದರು. ಇನ್ನೊಮ್ಮೆ ಮಾರಯ್ಯ ದಿನಕ್ಕಿಂತ ಜಾಸ್ತಿ ಅಕ್ಕಿ ತಂದರು. ಇಷ್ಟೊಂದು ಅಕ್ಕಿಯ ಆಸೆ ನಿಮಗೇಕೆ, ಹೆಚ್ಚಿದ್ದನ್ನು ಅಲ್ಲೇ ಸುರಿದು ಬನ್ನಿ ಅಂದದ್ದೂ ಅದೇ ಲಕ್ಕಮ್ಮ. ಮೊದಲನೆಯದನ್ನು ಎಲ್ಲರೂ ಹೇಳ್ತಾರೆ, ಎರಡನೆಯದನ್ನು ಮರೀತಾರೆ. ದಿನದ ಪಾಲು ದುಡಿಯಬೇಕು. ಅದಕ್ಕೆ ಮೀರಿ ಒಟ್ಟಬೇಕು ಅನ್ನುವುದು ಕಾಯಕದ ಮಾತಲ್ಲ.

ದೂರದ ಇಂಗ್ಲೆಂಡಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ 1932ರಲ್ಲಿ, ಯಂತ್ರಗಳು ಬಂದ ಮೇಲೆ ದಿನಕ್ಕೆ 4 ಗಂಟೆ ದುಡಿದರೆ ಸಾಕು ಅಂತ ಬರೆದರು. ಅವರ ಸಂಕಟ ಇದು: ಯಂತ್ರದಿಂದ ಕೆಲಸ ಬೇಗ ಮುಗಿದರೆ ಎಲ್ಲರಿಗೂ ಬಿಡುವು ಸಿಗಬೇಕಿತ್ತು. ಆದರೆ ಅರ್ಧ ಜನ ಮೊದಲಿನಷ್ಟೇ ದುಡೀತಾರೆ, ಉಳಿದರ್ಧ ಕೆಲಸ ಕಳ್ಕೊಳ್ತಾರೆ. ಕೆಲಸ ಹೋದವರ ಬಿಡುವು ಬಿಡುವಲ್ಲ. ಹತ್ತಿ ಮಿಲ್ಲುಗಳು ಮುಚ್ಚಿದ್ದನ್ನು ಕಂಡ ದಾವಣಗೆರೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಥವರನ್ನು ಸೋಮಾರಿ ಅನ್ನುವುದು ಅನ್ಯಾಯ.

ನನ್ನ ತಕರಾರು ಬೇರೆಯವರ ದುಡಿಮೆ ಮೇಲೆ ಕೂರುವುದರ ಬಗ್ಗೆ. ಹಾಗಾಗಿ ನಿಮ್ಮನ್ನೇ ಒಂದು ಕೇಳುತ್ತೇನೆ. ಅಪ್ಪ ಕಟ್ಟೆ ಮೇಲಿರುವಾಗ ಅಮ್ಮ ಏನು ಮಾಡ್ತಿರ್ತಾರೆ? ಸಗಣಿ ಬಾಚೋದು, ನೀರು ತರೋದು, ರೊಟ್ಟಿ ತಟ್ಟೋದು ಸುಗ್ಗಿಯ ಜೊತೆ ಮುಗಿಯೋದಿಲ್ಲ ಅಲ್ವಾ? ಅಣ್ಣ ಮುಂದಿನ ಸಲ ಬಂದಾಗ ಅಪ್ಪನ ಜೊತೆ ಈ ಮಾತು ಎತ್ತಲಿ. ಎರಡು ಕೊಡ ನೀರು ತಾನೂ ಹೊತ್ತು ತರಲಿ.